ಮಹಾಬಲಿಪುರದಲ್ಲಿ ಕಲ್ಲಿನ ಗಣಪ ಕೊಳ್ಳಬಹುದಾ? ಎರಡು ದಿನಕ್ಕೆ ಏನೇನು ನೋಡಬಹುದು?

ವಯಸ್ಸಾದ ಅಪ್ಪ-ಅಮ್ಮನ ಜೊತೆ ಹೋಗ್ತಿದ್ದೀನಿ, ಮನೆಗೊಂದು ಕಲ್ಲಿನ ಗಣಪ ತರಬೇಕು, ಮೋಸ ಹೋಗಬಾರದು ಅಂತ ಕೇಳಿದ್ದೀರಿ. ನಾನಿರೋದು ಚೆನ್ನೈನಲ್ಲಿ, ಊರಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗೋ ಕೆಲಸ ನನ್ನ ಪಾಲಿಗೇ ಬಂದಿದೆ.

ಗಣಪನನ್ನು ಧಾರಾಳವಾಗಿ ಕೊಳ್ಳಿ. ಆದರೆ ಬೀಚಿನ ದಾರಿಯ ಅಂಗಡಿಗಳಲ್ಲಿ ಬೇಡ. ಪಂಚರಥಗಳಿಗೆ (ಬಂಡೆಯಲ್ಲೇ ಕೊರೆದ ರಥದಂಥ ಗುಡಿಗಳು) ಹೋಗುವ ರಸ್ತೆಯಲ್ಲಿ ಕೆತ್ತನೆ ಶೆಡ್‌ಗಳಿವೆ, ಗ್ರೈಂಡರ್ ಸದ್ದು ದೂರದಿಂದಲೇ ಕೇಳುತ್ತೆ. ದಪ್ಪ ಕಲ್ಲು ತೆಗೆಯೋದು ಮಷೀನು. ಮುಖ, ಬೆರಳು, ಒಡವೆಗೆ ಬಂದಾಗ ಇವತ್ತಿಗೂ ಉಳಿ-ಸುತ್ತಿಗೆಯೇ. ಉಳಿ ಬಿದ್ದ ಕಡೆಯೆಲ್ಲ ಕರಿಕಲ್ಲು ಬೂದಿ ಬಣ್ಣಕ್ಕೆ ತಿರುಗಿರುತ್ತೆ. ಹಾಗಾಗಿ ಅರ್ಧ ಮುಗಿದ ವಿಗ್ರಹ ಕಳೆಗುಂದಿದಂತೆ ಕಂಡರೆ ಬೇಡ ಅನ್ನಬೇಡಿ, ಎಣ್ಣೆ ಸವರಿದ ಮೇಲೆ ನೋಡಿ. ಅಗ್ಗಕ್ಕೆ ಸಿಗೋ ಪುಟ್ಟ ಮೂರ್ತಿಗಳು ಹೆಚ್ಚಾಗಿ ಬಳಪದ ಕಲ್ಲಿನವು. ಅದು ತಪ್ಪಲ್ಲ, ಗ್ರಾನೈಟ್ ಬೆಲೆ ಕೊಡೋದು ತಪ್ಪು. ಬುಡ ತಿರುಗಿಸಿ ಬೀಗದ ಕೈಯಿಂದ ಗೀರಿ: ಬಳಪದ ಕಲ್ಲಾದರೆ ಗೀರು ಬೀಳುತ್ತೆ. ಪೂಜೆಗೋ ಶೋಕೇಸಿಗೋ ಅನ್ನೋದನ್ನೂ ಮೊದಲೇ ಹೇಳಿ, ಪೂಜೆಯ ಮೂರ್ತಿಗೆ ಅವರು ಶಾಸ್ತ್ರದ ಅಳತೆ ಹಿಡಿಯುತ್ತಾರೆ. ಈ ಊರಿನ ಕಲ್ಲಿನ ಕೆತ್ತನೆಗೆ 2017ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ. ಸರ್ಕಾರಿ ಶಿಲ್ಪಕಲಾ ಕಾಲೇಜೂ ಇಲ್ಲೇ ಇದೆ. ಚೌಕಾಸಿ ಮಾಡಿ, ಆದರೆ ಶೆಡ್ಡಿನಲ್ಲಿ ಅರ್ಧಕ್ಕರ್ಧ ಕೇಳಬೇಡಿ. ಆ ಧೂಳು ಕುಡಿದು ದುಡಿಯೋ ಕೆಲಸ ಅದು.

ಇನ್ನು ಪಲ್ಲವರ ಕೆಲಸ. ಬೇಲೂರು-ಹಳೇಬೀಡು ನೋಡಿದ ಕಣ್ಣಿಗೆ ಇದು ಸಾದಾ ಅನ್ನಿಸಬಹುದು. ಹೊಯ್ಸಳರ ಕೈಲಿದ್ದದ್ದು ಬಳಪದ ಕಲ್ಲು, ಇವರದ್ದು ಹೆಬ್ಬಂಡೆ ಗ್ರಾನೈಟು. ಒಡವೆಯ ಕುಸುರಿ ಇಲ್ಲಿ ಹುಡುಕಬೇಡಿ, ಮೈಯ ಭಂಗಿ ನೋಡಿ. ‘ಅರ್ಜುನನ ತಪಸ್ಸು’ ಬಂಡೆಯಲ್ಲಿ ಆನೆಗಳ ಹತ್ತಿರ ಒಂದು ಬೆಕ್ಕು ಕೈ ಮೇಲೆತ್ತಿ ಕಳ್ಳ ತಪಸ್ಸು ಮಾಡ್ತಿದೆ, ಸುತ್ತ ಇಲಿಗಳು. ನಿಮ್ಮಮ್ಮನಿಗೆ ಅದನ್ನು ತೋರಿಸಿ. ಪಕ್ಕದ ಕೃಷ್ಣ ಮಂಟಪದಲ್ಲಿ ಹಾಲು ಕರೆಸಿಕೊಳ್ಳುತ್ತಲೇ ಕರುವನ್ನು ನೆಕ್ಕುತ್ತಿರುವ ಹಸುವಿದೆ. ಇಡೀ ಊರಿನಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ. ಅಂದ ಹಾಗೆ, ಊರಿಗೆ ಮಾಮಲ್ಲಪುರಂ ಅನ್ನೋ ಹೆಸರು ಬಂದದ್ದು ಪಲ್ಲವ ರಾಜ ‘ಮಾಮಲ್ಲ’ ನರಸಿಂಹವರ್ಮನಿಂದ. ನಮ್ಮ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿ 642ರ ಹೊತ್ತಿಗೆ ಬಾದಾಮಿ ಹಿಡಿದವನು ಅವನೇ. ಆ ಸಿಟ್ಟು ಟಿಕೆಟ್ ಕೌಂಟರಿನಲ್ಲಿ ತೋರಿಸಬೇಡಿ!

ಬೆಳಿಗ್ಗೆ ಬೇಗ ಪಂಚರಥ, ಕಡಲತೀರದ ದೇಗುಲ ಮುಗಿಸಿ. ಹತ್ತು ಗಂಟೆ ಮೇಲೆ ಮರಳೂ ಬಂಡೆಯೂ ಕಾದುಬಿಡುತ್ತವೆ, ಹಿರಿಯರಿಗೆ ಕಷ್ಟ. ‘ಕೃಷ್ಣನ ಬೆಣ್ಣೆ ಉಂಡೆ’ ಅನ್ನೋ ಇಳಿಜಾರಿನ ದೊಡ್ಡ ಗುಂಡಿನ ಎದುರು ಎಲ್ಲರೂ ಬಂಡೆ ತಳ್ಳೋ ಫೋಟೊ ತೆಗೆಸಿಕೊಳ್ತಾರೆ, ಐದು ನಿಮಿಷ ಸಾಕು. ಸಮುದ್ರಕ್ಕೆ ಇಳಿಯಬೇಡಿ, ಸೆಳೆತ ಜೋರು. ಮೀನು ತಿನ್ನೋರಾದರೆ ಬೆಸ್ತರ ದೋಣಿಗಳಿರುವ ಕಡೆಯ ಚಿಕ್ಕ ಹೋಟೆಲುಗಳಲ್ಲಿ ಹಸಿ ಮೀನು ತೋರಿಸಿ, ಬೆಲೆ ಕುದುರಿಸಿಯೇ ಹುರಿಯಲು ಹೇಳಿ.

ಎರಡನೇ ದಿನ ಚೆನ್ನೈ ಕಡೆ ವಾಪಸಾಗುವಾಗ ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೆ ಹೋಗಿ. ದಕ್ಷಿಣದ ಹಳೇ ಮನೆಗಳನ್ನು ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ, ಇಳಕಲ್ ನೇಕಾರರ ಮನೆಯೂ ಇದೆ. ಮಂಗಳವಾರ ರಜೆ. ಗಣಪ ಎರಡಡಿ ದಾಟಿದರೆ ಒಬ್ಬರೇ ಎತ್ತೋದು ಕನಸಿನ ಮಾತು. ಬೆಂಗಳೂರಿಗೆ ಲಾರಿ ಪಾರ್ಸೆಲ್, ಪ್ಯಾಕಿಂಗ್ ಎಲ್ಲ ಸೇರಿಸಿಯೇ ರೇಟು ಮಾತಾಡಿ, ಬಿಲ್ ತಗೊಳ್ಳಿ.