ಪಾಟೀಲರೆಲ್ಲ ಒಂದೇ ಮನೆಯವರೆ?

ಕಳೆದ ಸಂಚಿಕೆಯಲ್ಲಿ ಬಂದ ಉತ್ತರ ಕರ್ನಾಟಕದ ರಾಜಕಾರಣದ ಲೇಖನ ಓದಿ ಮೈಸೂರಿನ ಓದುಗರೊಬ್ಬರು ಮೂರು ಮಾತು ಬರೆದಿದ್ದಾರೆ. ಒಂದು, ಒಂದೆಡೆ ‘ಕೆ.ಎಚ್. ಪಾಟೀಲ’, ಮುಂದಿನ ಪುಟದಲ್ಲಿ ‘ಎಚ್.ಕೆ. ಪಾಟೀಲ’ ಎಂದಿದೆ, ಕರಡು ತಿದ್ದುವವರು ನಿದ್ದೆ ಮಾಡುತ್ತಿದ್ದರೆ? ಎರಡು, ಗೌಡರೆಂದರೆ ಒಕ್ಕಲಿಗರಲ್ಲವೆ, ‘ಬಸನಗೌಡ ಪಾಟೀಲ’ ಎಂದರೆ ಯಾವ ಲೆಕ್ಕ? ಮೂರು, ಸಂಪುಟದ ತುಂಬ ಪಾಟೀಲರೇ ಇರುವಾಗ ಇದನ್ನು ಒಂದು ಮನೆತನದ ಆಳ್ವಿಕೆ ಎಂದು ನೇರವಾಗಿ ಬರೆಯಲು ನಿಮಗೇಕೆ ಅಂಜಿಕೆ?

ಸಂಪಾದಕರ ಉತ್ತರ:

ಕರಡು ತಿದ್ದುವವರನ್ನು ಮೊದಲು ಬಿಡಿಸಿಕೊಳ್ಳುತ್ತೇವೆ. ಎರಡೂ ಸರಿ. ಕೆ.ಎಚ್. ಪಾಟೀಲ ಎಂದರೆ ಕೃಷ್ಣಗೌಡ ಹನುಮಂತಗೌಡ ಪಾಟೀಲ, ಗದಗ ಬಳಿಯ ಹುಲಕೋಟಿಯವರು, ಸಹಕಾರಿ ಚಳವಳಿಯ ದೊಡ್ಡ ಹೆಸರು. ಎಚ್.ಕೆ. ಪಾಟೀಲ ಅವರ ಮಗ, ಹನುಮಂತಗೌಡ ಕೃಷ್ಣಗೌಡ ಪಾಟೀಲ. ಮಗನಿಗೆ ಅಜ್ಜನ ಹೆಸರಿಟ್ಟಿದ್ದಾರೆ, ಹಾಗಾಗಿ ಅಕ್ಷರಗಳು ತಿರುಗಿ ಕುಳಿತಿವೆ. ವಿಜಯಪುರ ಜಿಲ್ಲೆಯಲ್ಲಿಯೂ ಇದೇ ನಡೆದಿದೆ. ತಿಕೋಟಾದಿಂದ ಶಾಸಕರಾಗಿದ್ದ ಬಿ.ಎಂ. ಪಾಟೀಲರು ಬಸನಗೌಡ ಮಲ್ಲನಗೌಡ, ಮಗ ಎಂ.ಬಿ. ಪಾಟೀಲರು ಮಲ್ಲನಗೌಡ ಬಸನಗೌಡ. ವಿಜಯಪುರದ ವೈದ್ಯಕೀಯ ಕಾಲೇಜಿನ ಫಲಕದಲ್ಲಿ ‘ಬಿ.ಎಂ. ಪಾಟೀಲ’ ಎಂದಿರುವುದು ತಂದೆಯ ಹೆಸರು. ಅದನ್ನು ಅಚ್ಚಿನ ತಪ್ಪೆಂದುಕೊಂಡು ‘ಎಂ.ಬಿ.’ ಎಂದು ತಿದ್ದಿ ಕಳಿಸುವ ಲೇಖಕರು ಈಗಲೂ ಇದ್ದಾರೆ.

ಮೈಸೂರಿನ ಕಣ್ಣಿಗೆ ಇದು ತಪ್ಪಾಗಿ ಕಾಣುವುದಕ್ಕೆ ಕಾರಣವಿದೆ. ಹಳೇ ಮೈಸೂರಿನಲ್ಲಿ ಮೊದಲ ಅಕ್ಷರ ಸಾಮಾನ್ಯವಾಗಿ ಊರಿನದು, ಎರಡನೆಯದು ತಂದೆಯದು, ಸ್ವಂತ ಹೆಸರು ಕೊನೆಗೆ. ಎಸ್.ಎಂ. ಕೃಷ್ಣ ಎಂದರೆ ಸೋಮನಹಳ್ಳಿ ಮಲ್ಲಯ್ಯನವರ ಮಗ ಕೃಷ್ಣ. ಮುಂಬೈ ಪ್ರಾಂತದಲ್ಲಿದ್ದ ಜಿಲ್ಲೆಗಳಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ಎಸ್.ಆರ್. ಬೊಮ್ಮಾಯಿ ಎಂದರೆ ಸೋಮಪ್ಪ ರಾಯಪ್ಪ ಬೊಮ್ಮಾಯಿ, ಮಗ ಬಸವರಾಜ ಸೋಮಪ್ಪ ಬೊಮ್ಮಾಯಿ. ಆದ್ದರಿಂದ ‘ಎಚ್.ಕೆ.’ಯ ಎಚ್ ಹುಲಕೋಟಿ ಅಲ್ಲ. ದಕ್ಷಿಣದ ಓದುಗರು ಮೊದಲು ಎಡವುವುದು ಇಲ್ಲಿಯೇ. ದಕ್ಷಿಣದ ಲೆಕ್ಕದಲ್ಲಿಯೂ ಎಡವುವ ಜಾಗವಿದೆ. ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ ಇಬ್ಬರಲ್ಲೂ ಎಚ್ ಎಂದರೆ ಹರದನಹಳ್ಳಿಯೇ. ಆದರೆ ತಂದೆಯ ‘ಡಿ’ ದೊಡ್ಡೇಗೌಡ, ಮಗನ ‘ಡಿ’ ದೇವೇಗೌಡ. ಅಕ್ಷರ ಒಂದೇ, ಸೂಚಿಸುವ ವ್ಯಕ್ತಿ ಬೇರೆ.

ಇನ್ನು ಗೌಡ, ಪಾಟೀಲ. ಇವು ಮನೆತನದ ಹೆಸರಾಗುವ ಮೊದಲು ಹುದ್ದೆಯ ಹೆಸರುಗಳು, ಅದೂ ಒಂದೇ ಹುದ್ದೆಯವು. ಊರಿನ ಕಂದಾಯ ಎತ್ತಿ ಕಚೇರಿಗೆ ಮುಟ್ಟಿಸುವುದು, ಕಳವು ಜಗಳ ನೋಡಿಕೊಳ್ಳುವುದು ಊರ ಮುಖ್ಯಸ್ಥನ ಕೆಲಸ. ಜನರ ಬಾಯಲ್ಲಿ ಅವನು ‘ಗೌಡ’, ಮರಾಠಿ ದಫ್ತರದಲ್ಲಿ ‘ಪಾಟೀಲ’. ಲೆಕ್ಕ ಬರೆಯುವವನು ಕುಲಕರ್ಣಿ. ಹಳೇ ಮೈಸೂರಿನಲ್ಲಿ ಇದೇ ಜೋಡಿ ಪಟೇಲ ಮತ್ತು ಶಾನುಭೋಗ. ‘ಬಸನಗೌಡ ಪಾಟೀಲ’ ಎಂಬ ಹೆಸರಿನಲ್ಲಿ ಒಂದೇ ಹುದ್ದೆ ಎರಡು ಭಾಷೆಯಲ್ಲಿ ಎರಡು ಸಲ ಬಂದಿದೆ. ಅಡ್ಡಹೆಸರು ಪಾಟೀಲ ಎಂದಿದ್ದರೂ ಎದುರಿಗೆ ಕಂಡಾಗ ಜನ ಕರೆಯುವುದು ಇಂದಿಗೂ ‘ಗೌಡ್ರ’ ಎಂದೇ. ಇಲ್ಲಿ ಗೌಡ ಎಂದರೆ ಒಕ್ಕಲಿಗ ಎಂಬ ದಕ್ಷಿಣದ ಸಮೀಕರಣ ನಡೆಯುವುದಿಲ್ಲ. ಲಿಂಗಾಯತ, ರಡ್ಡಿ, ಮರಾಠ, ಜೈನ, ಮುಸ್ಲಿಂ ಪಾಟೀಲರಿದ್ದಾರೆ. ಊರಿನ ಗೌಡಕಿ ಯಾರ ಕೈಲಿತ್ತೋ ಅವರ ಮನೆಗೆ ಆ ಹೆಸರು. ಧಾರವಾಡದ ವಿನಯ ಕುಲಕರ್ಣಿಯವರು ಲಿಂಗಾಯತರು ಎಂದಾಗ ಬೆಂಗಳೂರಿನ ಕೆಲವರು ಹುಬ್ಬೇರಿಸುತ್ತಾರೆ. ಕುಲಕರ್ಣಿ ಎಂದರೆ ಬ್ರಾಹ್ಮಣರೇ ಎಂದು ಅವರ ಎಣಿಕೆ. ಕರಿಗನೂರಿನ ಜೆ.ಎಚ್. ಪಟೇಲರು ಗುಜರಾತಿನವರೆ ಎಂದು ಕೇಳುವ ಪತ್ರಗಳೂ ಬರುತ್ತವೆ. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿಯೇ ಮಾತನಾಡಿದ ಮನುಷ್ಯನ ಬಗ್ಗೆ ಈ ಪ್ರಶ್ನೆ!

ಮುಂಬೈ ಪ್ರಾಂತದಲ್ಲಿ ಈ ಹುದ್ದೆ ವತನ, ಅಂದರೆ ವಂಶಪಾರಂಪರ್ಯವಾಗಿ ಮನೆಗೆ ಬರುವ ಹಕ್ಕು, 1874ರ ಕಾಯ್ದೆ ಅದಕ್ಕೆ ಕಟ್ಟುಪಾಡು ಹಾಕಿತ್ತು. ವತನದ ಜೊತೆ ಜಮೀನು. ಅಣ್ಣತಮ್ಮಂದಿರು ಪಾಲಾದಾಗ ಪಾಟೀಲಕಿಯೂ ಪಾಲಾಗಿ, ಒಂದೇ ಊರಿನಲ್ಲಿ ಹಲವು ಪಾಟೀಲ ಮನೆಗಳು ಎದ್ದವು. ಪೊಲೀಸ್ ಕೆಲಸ ಮತ್ತು ಕಂದಾಯದ ಕೆಲಸ ಬೇರೆ ಬೇರೆ ಕೈಗೆ ಹೋದ ಕಡೆ ಹೆಸರೂ ಒಡೆಯಿತು. ರಾಯಚೂರು, ಕಲಬುರಗಿ ಕಡೆ ‘ಪೊಲೀಸ್‌ಪಾಟೀಲ’, ‘ಮಾಲಿಪಾಟೀಲ’ ಎಂಬ ಅಡ್ಡಹೆಸರುಗಳನ್ನು ನೀವು ಕೇಳಿರಬಹುದು. ಮಾಲಿ ಎಂದರೆ ಇಲ್ಲಿ ತೋಟದವನಲ್ಲ, ಕಂದಾಯದ ‘ಮಾಲ್’. ಕರ್ನಾಟಕದಲ್ಲಿ ಈ ಹುದ್ದೆಗಳೆಲ್ಲ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ ಹೋದವು. ಕಾಯ್ದೆ 1961ರದ್ದು, ಜಾರಿಯಾದದ್ದು 1963ರ ಫೆಬ್ರುವರಿ 1ರಂದು. ವತನ ಜಮೀನು ಸರ್ಕಾರದ ವಶಕ್ಕೆ ಹೋಗಿ, ಹಳೆಯ ವತನದಾರರಿಗೇ ಮರುಮಂಜೂರಾಗಲು ಅದರಲ್ಲಿ ದಾರಿಯಿತ್ತು. ಹುದ್ದೆ ಹೋಯಿತು, ಹೆಸರು ಉಳಿಯಿತು, ಹಲವು ಕಡೆ ಜಮೀನೂ ಉಳಿಯಿತು. ಪಾಟೀಲರು ಚುನಾವಣೆಯಲ್ಲಿ ಏಕೆ ಇಷ್ಟು ಕಾಣಿಸುತ್ತಾರೆ ಎಂಬುದಕ್ಕೆ ಉತ್ತರ ಹುಡುಕುವುದಾದರೆ ಇಲ್ಲಿ ಹುಡುಕಬೇಕು, ರಕ್ತಸಂಬಂಧದಲ್ಲಿ ಅಲ್ಲ. ಮಹಾರಾಷ್ಟ್ರದಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಪೊಲೀಸ್ ಪಾಟೀಲ ಎಂಬ ಹುದ್ದೆ 1967ರ ಕಾಯ್ದೆಯ ಅಡಿ ಈಗಲೂ ಇದೆ, ಆದರೆ ವಂಶಪಾರಂಪರ್ಯವಲ್ಲ. ಹಾಗಾಗಿ ಅಡ್ಡಹೆಸರು ಪಾಟೀಲ ಅಲ್ಲದವರು ಪೊಲೀಸ್ ಪಾಟೀಲರಾಗಿರುತ್ತಾರೆ.

ವಿಜಯಪುರ ಜಿಲ್ಲೆಯನ್ನೇ ಹತ್ತಿರದಿಂದ ನೋಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿನ 8 ಕ್ಷೇತ್ರಗಳಲ್ಲಿ 5ರಲ್ಲಿ ಗೆದ್ದವರು ಪಾಟೀಲರು. ಬಬಲೇಶ್ವರದಲ್ಲಿ ಎಂ.ಬಿ. ಪಾಟೀಲ, ಬಸವನ ಬಾಗೇವಾಡಿಯಲ್ಲಿ ಶಿವಾನಂದ ಪಾಟೀಲ, ಇಂಡಿಯಲ್ಲಿ ಯಶವಂತರಾಯಗೌಡ ಪಾಟೀಲ, ಮೂವರೂ ಕಾಂಗ್ರೆಸ್. ವಿಜಯಪುರ ನಗರದಲ್ಲಿ ಬಿಜೆಪಿಯಿಂದ ಬಸನಗೌಡ ಪಾಟೀಲ ಯತ್ನಾಳ. ದೇವರ ಹಿಪ್ಪರಗಿಯಲ್ಲಿ ಜೆಡಿಎಸ್‌ನಿಂದ ರಾಜುಗೌಡ ಪಾಟೀಲ. (ಸುರಪುರದ ‘ರಾಜುಗೌಡ’ ಬೇರೆ, ಅವರು ನರಸಿಂಹ ನಾಯಕ.) ಮುದ್ದೇಬಿಹಾಳದಲ್ಲಿ ಸಿ.ಎಸ್. ನಾಡಗೌಡರು ಸೋಲಿಸಿದ್ದು ಎ.ಎಸ್. ಪಾಟೀಲ ನಡಹಳ್ಳಿಯವರನ್ನು. ನಾಡಗೌಡ ಎಂಬುದೂ ಹಳೆಯ ಹುದ್ದೆಯೇ, ಊರಿನ ಗೌಡನಿಗಿಂತ ಒಂದು ಮೆಟ್ಟಿಲು ಮೇಲೆ, ಇಡೀ ನಾಡಿಗೆ ಗೌಡ. ನಡಹಳ್ಳಿ ಮಾತ್ರ ಊರಿನ ಹೆಸರು, ಕಿವಿಗೆ ಎರಡೂ ಒಂದೇ ಥರ ಕೇಳಿಸಿದರೂ. ಬಬಲೇಶ್ವರದಲ್ಲಿ ಎಂ.ಬಿ. ಪಾಟೀಲರಿಗೆ ಎದುರಾಗಿದ್ದ ಬಿಜೆಪಿ ಅಭ್ಯರ್ಥಿಯೂ ಪಾಟೀಲರೇ, ವಿಜುಗೌಡ ಪಾಟೀಲ. ಇವರನ್ನೆಲ್ಲ ‘ಒಂದು ಮನೆತನ’ ಎಂದು ಬರೆಯುವುದು ಬಾದರಾಯಣ ಸಂಬಂಧ ಕಟ್ಟಿದಂತೆ.

ಗಡಿಯಾಚೆ ಸಾಂಗ್ಲಿಯಲ್ಲಿ 2024ರ ಲೋಕಸಭಾ ಚುನಾವಣೆ ಇನ್ನೂ ಸೊಗಸು. ಬಿಜೆಪಿಯಿಂದ ಸಂಜಯಕಾಕಾ ಪಾಟೀಲ, ಉದ್ಧವ್ ಠಾಕ್ರೆ ಬಣದಿಂದ ಕುಸ್ತಿಪಟು ಚಂದ್ರಹಾರ ಪಾಟೀಲ, ಪಕ್ಷೇತರರಾಗಿ ವಿಶಾಲ ಪಾಟೀಲ. ಗೆದ್ದದ್ದು ವಿಶಾಲ. ಅವರು ಮಾಜಿ ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಮೊಮ್ಮಗ ಎಂಬುದು ಸುದ್ದಿಯೇ. ಮೂವರೂ ಪಾಟೀಲರು ಎಂಬುದು ಆ ಸೀಮೆಯಲ್ಲಿ ಸುದ್ದಿಯೇ ಅಲ್ಲ.

ವಂಶಾಡಳಿತ ಇಲ್ಲ ಎಂದು ನಾವು ಹೇಳುತ್ತಿಲ್ಲ. ಹುಲಕೋಟಿಯಲ್ಲಿ ತಂದೆ ಮಗ, ತಿಕೋಟಾದಲ್ಲಿ ತಂದೆ ಮಗ. ಶಿವಾನಂದ ಪಾಟೀಲರ ಮಗಳು ಸಂಯುಕ್ತಾ ಪಾಟೀಲರಿಗೆ 2024ರಲ್ಲಿ ಬಾಗಲಕೋಟೆ ಲೋಕಸಭೆಯ ಕಾಂಗ್ರೆಸ್ ಟಿಕೆಟ್ ಸಿಕ್ಕಿತು. ಇವನ್ನು ಹೆಸರಿಟ್ಟು ಬರೆಯಲು ನಮಗೆ ಅಂಜಿಕೆಯಿಲ್ಲ. ಆದರೆ ಅದಕ್ಕೆ ಸಾಕ್ಷಿ ಅಡ್ಡಹೆಸರಲ್ಲ. ಅಡ್ಡಹೆಸರು ನೋಡಿಯೇ ವಂಶ ಹುಡುಕುವವರಿಗೆ ಶಿಕಾರಿಪುರ ಕಾಣುವುದೇ ಇಲ್ಲ. ಅಲ್ಲಿ ಅಡ್ಡಹೆಸರೇ ಇಲ್ಲವಲ್ಲ! ರಾಘವೇಂದ್ರ, ವಿಜಯೇಂದ್ರ ಇಬ್ಬರ ಮುಂದಿರುವ ‘ಬಿ.ವೈ.’ಯಲ್ಲಿ ಬೂಕನಕೆರೆಯೂ ಯಡಿಯೂರಪ್ಪನವರೂ ಕೂತಿದ್ದಾರೆ. ಹಳೇ ಮೈಸೂರಿನಲ್ಲಿ ಮನೆತನ ಇನಿಷಿಯಲ್‌ನಲ್ಲಿ ಅಡಗಿರುತ್ತದೆ. ಉತ್ತರದಲ್ಲಿ ಅಡ್ಡಹೆಸರು ಎದ್ದು ಕಾಣುತ್ತದೆ, ಅದು ಹೇಳುವುದು ಮಾತ್ರ ಕಡಿಮೆ.

ಹಾಗಾದರೆ ಪಾಟೀಲರನ್ನು ಗುರುತಿಸುವುದು ಹೇಗೆ? ಬಾಲ ನೋಡಬೇಕು. ಜನ ತಾವೇ ಕಂಡುಕೊಂಡ ಉಪಾಯ ಅದು. ಬಸವರಾಜ ಪಾಟೀಲ ಎಂದಷ್ಟೇ ಬರೆದರೆ ಬೀದರ್‌ನಿಂದ ರಾಯಚೂರಿನವರೆಗೆ ಹಲವರು ತಿರುಗಿ ನೋಡುತ್ತಾರೆ. ಅದಕ್ಕೇ ಬಸವರಾಜ ಪಾಟೀಲ ಸೇಡಂ, ಬಸವರಾಜ ಪಾಟೀಲ ಹುಮನಾಬಾದ್, ಬಸವರಾಜ ಪಾಟೀಲ ಅನ್ವರಿ. ಲಾತೂರ್ ಜಿಲ್ಲೆಯ ಔಸಾದಿಂದ ಗೆದ್ದಿದ್ದವರು ಬಸವರಾಜ ಪಾಟೀಲ ಮುರುಮಕರ. ಮರಾಠಿಯಲ್ಲಿ ಊರಿಗೆ ‘ಕರ’ ಸೇರಿಸಿದರೆ ಬಾಲ ಸಿದ್ಧ. ಕೇಂದ್ರ ಗೃಹ ಸಚಿವರಾಗಿದ್ದ ಶಿವರಾಜ ಪಾಟೀಲರು ಚಾಕೂರಕರ, 1985–86ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಶಿವಾಜಿರಾವ್ ಪಾಟೀಲರು ನಿಲಂಗೇಕರ, ಇಬ್ಬರೂ ಲಾತೂರ್ ಜಿಲ್ಲೆಯವರೇ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದು 2011ರಲ್ಲಿ ಕೆಲವೇ ವಾರ ನಮ್ಮ ಲೋಕಾಯುಕ್ತರಾಗಿದ್ದ ಶಿವರಾಜ ಪಾಟೀಲರು ರಾಯಚೂರು ಸೀಮೆಯವರು, ಮೂರನೆಯವರು. ವಿಖೆ ಪಾಟೀಲ, ಮೋಹಿತೆ ಪಾಟೀಲ ಎಂಬಲ್ಲಿ ಮಾತ್ರ ಗುರುತು ಮುಂದೆ ಬರುತ್ತದೆ. ವಿಖೆ, ಮೋಹಿತೆ ಮನೆಯ ಹೆಸರು, ಪಾಟೀಲ ಹುದ್ದೆಯದು.

ಇಷ್ಟಾದರೂ ಅನುಮಾನ ಉಳಿದರೆ ಅಭ್ಯರ್ಥಿಯ ಪ್ರಮಾಣಪತ್ರ (ಅಫಿಡವಿಟ್) ತೆಗೆಯಿರಿ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26 ಅದು, ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಮೊದಲ ಪುಟದಲ್ಲಿಯೇ ಪೂರ್ತಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಅಂಚೆ ವಿಳಾಸ, ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಇರುತ್ತವೆ. ತಂದೆಯ ಹೆಸರು ಮತ್ತು ಊರು ಎರಡನ್ನೂ ಹೊಂದಿಸಿ ನೋಡಬೇಕು. ಬರೀ ತಂದೆಯ ಹೆಸರು ಸಾಲದು, ಆ ಸೀಮೆಯಲ್ಲಿ ಬಸನಗೌಡರಿಗೆ ಬರವಿಲ್ಲ. ಇಂಗ್ಲಿಷಿನಲ್ಲಿ ಹುಡುಕುವಾಗ ‘ಗೌಡ’ಕ್ಕೆ ಉತ್ತರದವರು ‘ಓಯು’, ದಕ್ಷಿಣದವರು ‘ಓಡಬ್ಲ್ಯು’ ಬರೆಯುತ್ತಾರೆ ಎಂಬುದು ನೆನಪಿರಲಿ. ಒಂದನ್ನೇ ಹಾಕಿ ‘ಸಿಗಲಿಲ್ಲ’ ಎನ್ನಬೇಡಿ. ಮಹಿಳೆಯರ ವಿಷಯದಲ್ಲಿ ನಡುವಿನ ಹೆಸರು ಗಂಡನದಿರಬಹುದು. ಪ್ರತಿಭಾ ದೇವಿಸಿಂಗ್ ಪಾಟೀಲ ಎಂಬಲ್ಲಿ ದೇವಿಸಿಂಗ್ ಪತಿ, ಆದರೆ ಅವರ ಅಡ್ಡಹೆಸರು ಶೇಖಾವತ್. ಪಾಟೀಲ ತವರಿನದು.

ಮತಯಂತ್ರದ ಮುಂದೆ ನಿಂತವರಿಗೆ ಇಷ್ಟು ಪುರಸೊತ್ತಿರುವುದಿಲ್ಲ. ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆದರೆ ಉದ್ಯೋಗ, ವಾಸಸ್ಥಳ ಅಥವಾ ಬೇರೆ ಯಾವುದಾದರೂ ಗುರುತು ಸೇರಿಸಿ ಬೇರ್ಪಡಿಸಬೇಕು ಎಂದು 1961ರ ಚುನಾವಣಾ ನಿಯಮಗಳು ಹೇಳುತ್ತವೆ. 2015ರ ಮೇ 1ರ ನಂತರದ ಚುನಾವಣೆಗಳಲ್ಲಿ ಭಾವಚಿತ್ರವೂ ಬಂತು. ಅದು ಬಂದದ್ದೇ ಒಂದೇ ಹೆಸರಿನವರನ್ನು ನಿಲ್ಲಿಸಿ ಮತ ಒಡೆಯುವ ಹಳೆಯ ಆಟಕ್ಕಾಗಿ. ಆದರೂ ಆಟ ನಿಂತಿಲ್ಲ. 2024ರಲ್ಲಿ ತಮಿಳುನಾಡಿನ ರಾಮನಾಥಪುರದಲ್ಲಿ ಮಾಜಿ ಮುಖ್ಯಮಂತ್ರಿ ಒ. ಪನ್ನೀರಸೆಲ್ವಂ ಎದುರು ಇನ್ನೂ ಐವರು ಪನ್ನೀರಸೆಲ್ವಂ ಇದ್ದರು.

ನಮ್ಮ ಮೇಜಿನ ನಿಯಮವನ್ನೂ ಹೇಳಿಬಿಡುತ್ತೇವೆ. ಮೊದಲ ಉಲ್ಲೇಖದಲ್ಲಿ ಇನಿಷಿಯಲ್, ಕ್ಷೇತ್ರ ಎರಡೂ ಇರಬೇಕು. ಎರಡನೆಯ ಸಲವೂ ಬರೀ ‘ಪಾಟೀಲ’ ಕೂಡದು. ಶೀರ್ಷಿಕೆಯಲ್ಲಂತೂ ಖಂಡಿತ ಕೂಡದು. 2013ರ ಸಿದ್ದರಾಮಯ್ಯ ಸಂಪುಟದಲ್ಲಿ ಎಚ್.ಕೆ., ಎಂ.ಬಿ., ಎಸ್.ಆರ್. ಮತ್ತು ಶರಣಪ್ರಕಾಶ ಹೀಗೆ ನಾಲ್ವರು ಪಾಟೀಲರಿದ್ದರು. 2023ರ ಮೇ ತಿಂಗಳಲ್ಲಿ ರಚನೆಯಾದ ಸಂಪುಟದಲ್ಲಿಯೂ ನಾಲ್ವರು, ಎಸ್.ಆರ್. ಬದಲು ಶಿವಾನಂದ. ‘ಸಚಿವ ಪಾಟೀಲ ಭರವಸೆ’ ಎಂಬ ಶೀರ್ಷಿಕೆ ಓದಿದವರು ಕಾನೂನು ಸಚಿವರನ್ನು ಹಿಡಿಯಬೇಕೆ, ಕೈಗಾರಿಕೆಯವರನ್ನೆ, ಜವಳಿಯವರನ್ನೆ, ವೈದ್ಯಕೀಯ ಶಿಕ್ಷಣದವರನ್ನೆ?

ಈ ನಿಯಮವನ್ನು ಕಳೆದ ಸಂಚಿಕೆಯಲ್ಲಿ ನಾವೇ ಮುರಿದಿದ್ದೇವೆ. ನೀವು ತಪ್ಪೆಂದು ತೋರಿಸಿದ್ದು ತಪ್ಪಲ್ಲ, ನಿಜವಾದ ತಪ್ಪು ಅದೇ ಪುಟದ ಚಿತ್ರದ ಕೆಳಗಿತ್ತು. ‘ಮಾಜಿ ಮುಖ್ಯಮಂತ್ರಿ ಪಾಟೀಲ’ ಎಂದಷ್ಟೇ ಅಚ್ಚಾಗಿದೆ. ಅದನ್ನು ‘ಚಿಂಚೋಳಿಯ ವೀರೇಂದ್ರ ಪಾಟೀಲ, ಮುಖ್ಯಮಂತ್ರಿ, 1968–71 ಮತ್ತು 1989–90’ ಎಂದು ಓದಿಕೊಳ್ಳಬೇಕು.