ಕಣ್ಣಿಗೆ ಕರೆಂಟ್ ಕೊಡುತ್ತಾರಾ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ನಾಲ್ಕು ತಿಂಗಳಿಂದ ಟಿಬಿ ಮಾತ್ರೆ ತಗೊಳ್ತಿದ್ದಾರೆ, ಅದರಲ್ಲಿ ಎಥಾಂಬುಟಾಲ್ ಕೂಡ ಇದೆ. ಹದಿನೈದು ದಿನದಿಂದ ಪೇಪರ್ ಓದೋಕೆ ಆಗ್ತಿಲ್ಲ, ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತೆ ಅಂತಾರೆ. ಕಣ್ಣಿನ ಡಾಕ್ಟರು ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಚೆನ್ನಾಗೇ ಇದೆ ಅಂದು, ಪ್ಯಾಟರ್ನ್ ಇಆರ್‌ಜಿ ಅನ್ನೋ ಕಣ್ಣಿನ ವಿದ್ಯುತ್ ಅಳೆಯೋ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಕಣ್ಣಿಗೆ ಕರೆಂಟ್ ಕೊಡ್ತಾರೆ ಅಂತ ಹೆದರಿ ಅಪ್ಪ ಒಪ್ಪುತ್ತಿಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಟಿಬಿ ಡಾಕ್ಟರಿಗೆ ಇವತ್ತೇ ವಿಷಯ ತಿಳಿಸಿ, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಎಥಾಂಬುಟಾಲ್ ಕೆಲವರ ಕಣ್ಣಿನ ನರಕ್ಕೆ ಪೆಟ್ಟು ಕೊಡುತ್ತದೆ. ಬೇಗ ನಿಲ್ಲಿಸಿದಷ್ಟೂ ದೃಷ್ಟಿ ಮರಳುವ ಆಸೆ ಜಾಸ್ತಿ. ಕಿಡ್ನಿ ತೊಂದರೆ ಇದ್ದರೆ ಅದನ್ನೂ ಹೇಳಿ, ಈ ಮಾತ್ರೆ ಹೊರಹೋಗುವುದು ಹೆಚ್ಚಾಗಿ ಮೂತ್ರದಲ್ಲೇ. ಆದರೆ ಯಾವುದನ್ನು ನಿಲ್ಲಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ನೀವಾಗಿ ಎಲ್ಲ ಮಾತ್ರೆ ಬಿಡಿಸಬೇಡಿ.

ಇನ್ನು ಕರೆಂಟ್ ಮಾತು. ಹದಿನೆಂಟು ವರ್ಷದಿಂದ ಈ ಪರೀಕ್ಷೆ ಮಾಡುತ್ತಿದ್ದೇನೆ. ನಾವು ಏನನ್ನೂ ಕೊಡುವುದಿಲ್ಲ ಅಂತ ಅಪ್ಪನಿಗೆ ಹೇಳಿ. ಬೆಳಕು ಬಿದ್ದಾಗ ಕಣ್ಣೇ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತದೆ, ನಾವು ಅದನ್ನು ಅಳೆಯುತ್ತೇವೆ ಅಷ್ಟೇ. ಅದೂ ಎಷ್ಟು? ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಇಸಿಜಿಯಲ್ಲಿ ಸಿಗುವ ಹೃದಯದ ಸಿಗ್ನಲ್ ಇದಕ್ಕಿಂತ ನೂರಾರು ಪಟ್ಟು ದೊಡ್ಡದು.

ಕೆಳರೆಪ್ಪೆಯ ಅಂಚಿನಲ್ಲಿ ಬೆಳ್ಳಿ ಸೇರಿಸಿದ ನೈಲಾನ್ ಎಳೆಯೊಂದನ್ನು ಇಡುತ್ತೇವೆ. ಕೂದಲಿಗಿಂತ ತೆಳು. "ಕಣ್ಣೊಳಗೆ ರೆಪ್ಪೆಗೂದಲು ಬಿದ್ದ ಹಾಗಿದೆ ಕಣಮ್ಮ" ಅಂದಿದ್ದರು ಒಬ್ಬರು ಅಜ್ಜಿ. ಅಷ್ಟೇ ಕಿರಿಕಿರಿ. ಎದುರಿನ ಪರದೆ ಮೇಲೆ ಚದುರಂಗದ ಹಾಸಿನಂಥ ಕಪ್ಪು-ಬಿಳಿ ಚೌಕಗಳು. ಸೆಕೆಂಡಿಗೆ ಸುಮಾರು ನಾಲ್ಕು ಸಲ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ನಡುವಿನ ಚುಕ್ಕೆಯಿಂದ ನೋಟ ಕೀಳಬಾರದು, ಕಷ್ಟ ಇರುವುದು ಅಲ್ಲೇ. ಸಿಗ್ನಲ್ ಅಷ್ಟು ಸಣ್ಣದು ಅಲ್ವಾ, ನೂರಕ್ಕೂ ಹೆಚ್ಚು ಸಲ ಹಿಡಿದು ಸರಾಸರಿ ತೆಗೆದರೇನೇ ಅಲೆ ಮೂಡುವುದು. ರೆಪ್ಪೆ ಬಡಿದರೆ ಆ ಸಲದ್ದು ದಂಡ. ನಾನು ನಡುನಡುವೆ ನಿಲ್ಲಿಸಿ "ಈಗ ಚೆನ್ನಾಗಿ ಮಿಟುಕಿಸಿ" ಅನ್ನುತ್ತೇನೆ.

ಚೌಕ ಬದಲಾದ ಸುಮಾರು 50 ಮಿಲಿಸೆಕೆಂಡಿಗೆ ಅಲೆ ಮೇಲೇಳುತ್ತದೆ, ಅದು ಪಿ50. 95ರ ಹೊತ್ತಿಗೆ ಕೆಳಗಿಳಿಯುತ್ತದೆ, ಅದು ಎನ್95. ಈ ಇಳಿತ ಬರುವುದು ರೆಟಿನಾದ ಒಳಪದರದ ಗ್ಯಾಂಗ್ಲಿಯನ್ ಕೋಶಗಳಿಂದ. ಇವುಗಳ ಎಳೆಗಳೇ ಸೇರಿ ಕಣ್ಣಿನ ನರ ಆಗುವುದು. ಪಿ50 ಸರಿ ಇದ್ದು ಎನ್95 ಮಾತ್ರ ಕುಗ್ಗಿದ್ದರೆ ತೊಂದರೆ ಈ ಕೋಶಗಳಲ್ಲಿ ಅಥವಾ ನರದಲ್ಲಿ ಅಂತ ಅನುಮಾನ. ಪಿ50 ಕೂಡ ಚೆನ್ನಾಗಿ ಇಳಿದಿದ್ದರೆ ಮೊದಲು ಮ್ಯಾಕುಲಾ, ಅಂದರೆ ರೆಟಿನಾದ ನಡುಭಾಗ, ನೋಡಬೇಕು. ಎಥಾಂಬುಟಾಲ್ ಪೆಟ್ಟು ಶುರುವಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಣದೇ ಇರಬಹುದು. ಅದಕ್ಕೇ ನಿಮ್ಮ ಡಾಕ್ಟರು ಇದನ್ನು ಬರೆದಿರುವುದು.

ಅವತ್ತು ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡು ಬರಬೇಡಿ. ದೂರದ್ದು, ಓದುವುದು, ಎರಡೂ ಕನ್ನಡಕ ತನ್ನಿ. ಪೊರೆ ಇದ್ದರೆ ಮೊದಲೇ ಹೇಳಿ. ಚೌಕ ಮಸುಕಾಗಿ ಕಂಡರೂ ಅಲೆ ಕುಗ್ಗುತ್ತದೆ, ಆಗ ತಪ್ಪೆಲ್ಲ ಸುಮ್ಮನೆ ರೆಟಿನಾ ಅಥವಾ ನರದ ಮೇಲೆ ಬೀಳುತ್ತದೆ.