ಕ್ರಿಸ್ಟಿ ಗೆದ್ದರೆಂದು ಹೇಳಬಹುದೇ?

2016ರ ಫೆಬ್ರವರಿ 6ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಡೆದ, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಆಕಾಂಕ್ಷಿಗಳ ಚರ್ಚೆಯಲ್ಲಿ ಅಂದಿನ ಸೆನೆಟರ್ ಮಾರ್ಕೊ ರೂಬಿಯೊ ಅವರನ್ನು ಕಟ್ಟಿಹಾಕಿದ, ನ್ಯೂಜೆರ್ಸಿಯ ಅಂದಿನ ಗವರ್ನರ್ ಕ್ರಿಸ್ ಕ್ರಿಸ್ಟಿಯವರನ್ನೇ ವಿಜೇತರೆನ್ನಬಹುದೇ ಎಂದು ಕೇಳಿದ್ದೀರಿ. ಆ ಕೆಲವು ನಿಮಿಷಗಳ ಮಟ್ಟಿಗೆ ಖಂಡಿತ ಅನ್ನಬಹುದು.

ತಾನೇನು ಮಾಡುತ್ತಿದ್ದೇನೆಂಬುದು ಅಂದಿನ ಅಧ್ಯಕ್ಷ ಒಬಾಮಾ ಅವರಿಗೆ ಚೆನ್ನಾಗಿ ಗೊತ್ತಿದೆ, ಎಲ್ಲವನ್ನೂ ಬೇಕೆಂದೇ ಮಾಡುತ್ತಿದ್ದಾರೆ ಎಂಬ ಆರೋಪದ ಮಾತನ್ನು ರೂಬಿಯೊ ಹೇಳಿದರು. ಇದು ಬಾಯಿಪಾಠ ಮಾಡಿದ 25 ಸೆಕೆಂಡುಗಳ ಭಾಷಣವೆಂದು ಕ್ರಿಸ್ಟಿ ಚುಚ್ಚಿದ ಮೇಲೂ, ಹೆಚ್ಚುಕಡಿಮೆ ಅದೇ ಪದಗಳಲ್ಲಿ ಅದನ್ನೇ ಮತ್ತೆ ಒಪ್ಪಿಸಿದರು. ಒಂದೇ ಮಾತನ್ನು ಹತ್ತು ಕಡೆ ಹೇಳುವುದು ಪ್ರಚಾರದಲ್ಲಿ ತಪ್ಪೇನಲ್ಲ (ಯಾವ ಅಭ್ಯರ್ಥಿ ತಾನೇ ಹೇಳುವುದಿಲ್ಲ?), ಆದರೆ ಆಡಳಿತದ ಅನುಭವವಿಲ್ಲ, ಕಲಿತದ್ದನ್ನಷ್ಟೇ ನುಡಿಯುತ್ತೀರಿ ಎಂಬ ಟೀಕೆಗೆ ಕಲಿತ ಮಾತನ್ನೇ ಉತ್ತರವಾಗಿಸಿದ್ದು ಟೀಕೆಗೆ ಸಾಕ್ಷ್ಯ ಒದಗಿಸಿದಂತಾಯಿತು. ನ್ಯೂಜೆರ್ಸಿಯ ಹಿಮಪಾತದ ವೇಳೆ ಕ್ರಿಸ್ಟಿ ನಡೆದುಕೊಂಡ ರೀತಿಯನ್ನು ರೂಬಿಯೊ ಕೆಣಕಿದ್ದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಪೆಟ್ಟೇ ಆಗಿತ್ತು, ಅಲ್ಲಿಗೇ ನಿಲ್ಲಿಸಬೇಕಿತ್ತು.

ಮತಗಳ ಲೆಕ್ಕ ಬೇರೆಯೇ ಆಯಿತು. ಮೂರು ದಿನಗಳ ನಂತರ, ಪಕ್ಷದ ಅಭ್ಯರ್ಥಿಯನ್ನು ಆರಿಸಲು ಆ ರಾಜ್ಯದಲ್ಲಿ ನಡೆದ ಮತದಾನದಲ್ಲಿ ರೂಬಿಯೊ ಐದನೆಯವರಾದರು, ಅವರನ್ನು ಕೆಡವಿದ ಕ್ರಿಸ್ಟಿ ಆರನೆಯವರಾಗಿ ಮರುದಿನವೇ ಕಣದಿಂದ ಹಿಂದೆ ಸರಿದರು. ಟ್ರಂಪ್ ಸುಮಾರು ಶೇ. 35 ಮತ ಪಡೆದು ಗೆದ್ದರು; ಎರಡನೆಯ ಸ್ಥಾನ ಈ ಜಗಳದಿಂದ ದೂರವಿದ್ದ, ಒಹಾಯೊದ ಅಂದಿನ ಗವರ್ನರ್ ಜಾನ್ ಕೇಸಿಕ್ ಅವರಿಗೆ ಹೋಯಿತು.